ಬೂಷ್ಟು ಕಾದ ಮೂಡ್ಲಗಿರಿ

ಹೂಂಗುಟ್ಟುವವರಿದ್ದರೆ ಹೇಳ್ತೀನಿ, ಆಕಳಿಸುವವರು ಎದ್ದು ಹೋಗಿ! ಪುಟ್ಟರಂಗಮ್ಮನಿಗೆ ಮೂಡ್ಲಗಿರಿ ಅಂತ ಒಬ್ಬ ಮಗ. ಮೈ ಬೆಳೆದಿತ್ತು, ಬುದ್ಧಿ ತೊಟ್ಟಿಲಲ್ಲೇ ಮಲಗಿತ್ತು. ಮಗಳು ಲಕ್ಕಮ್ಮನ ಮದುವೆ ಹತ್ತಿರ ಬಂತು. ಮಡಿಲು ತುಂಬಲು ಒಂದು ಬುಟ್ಟಿ ಕೊಬ್ಬರಿ ತಂದಿಟ್ಟಳು. ಜಡಿಮಳೆಯ ಥಂಡಿ. ಬೂಷ್ಟು ಹಿಡಿದ ಕೊಬ್ಬರಿ ಮಡಿಲಿಗೆ ಬಿದ್ದರೆ ಬೀಗರ ಮುಂದೆ ಮಾನ ಉಳಿಯುತ್ತಾ?

"ಬೂಷ್ಟು ಬರದಂಗೆ ಕಾಯೋ," ಅಂದಳು ಅವ್ವ.

ಕಾದ! ದೊಣ್ಣೆ ಹಿಡಿದು ಬಾಗಿಲಲ್ಲೇ ಕೂತ. ನಾಯಿ ಬಂತು. "ನೀನು ಬೂಷ್ಟಾ?" ಅಲ್ಲ, ಒಳಗೆ ಬಿಟ್ಟ. ಕೋಳಿ ಬಂತು. "ನೀನು ಬೂಷ್ಟಾ?" ಅಲ್ಲ, ಒಳಗೆ ಬಿಟ್ಟ. ಬುಟ್ಟಿ ತೆಗೆದರೆ ಕೊಬ್ಬರಿಗೆಲ್ಲ ಹಸಿರು ಗಡ್ಡ!

"ಅಯ್ಯೋ ಮಂಕೇ! ಬಿಸಿಲಿಗೆ ಹರಡಬೇಕಿತ್ತು ಕಣೋ!"

"ಆಗ್ಲವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮಳೆ ಬಿಟ್ಟ ದಿನ ಸೋದರತ್ತೆಯ ಮನೆಯಿಂದ ಬೆಣ್ಣೆ ತಾ ಅಂದಳು. ತಂದ, ಬಂಡೆಯ ಮೇಲೆ ಬಿಸಿಲಿಗೆ ಹರಡಿದ. ಬಂಡೆ ಮಿರಮಿರ ಮಿಂಚಿತು, ಬೆಣ್ಣೆ ಎಲ್ಲಿ?

"ಅಯ್ಯೋ ಪೆದ್ದೇ! ಎಲೆ ಸುತ್ತಿ ಇಡಬೇಕಿತ್ತು ಕಣೋ!"

"ಆಗ್ಲವ್ವ!"

ಮಜ್ಜಿಗೆ ಘಮ್ಮನ್ನಲಿ, ನಿಂಬೆಯಂಥ ಹೇರಳೆ ಎಲೆ ಹಾಕು ಅಂದಳು. ಗಡಿಗೆಯ ಸುತ್ತ ಎಲೆ ಸುತ್ತಿ ದಾರ ಕಟ್ಟಿದ.

"ಅಯ್ಯೋ ನನ್ನ ಹಣೆಬರಹವೇ! ಹೊರಗೆ ಸುತ್ತಿದರೆ ಘಮ ಬರುತ್ತಾ? ಕುಟ್ಟಿ, ಹಿಸುಕಿ, ಎಲೆಯ ಎಣ್ಣೆ ಕೈಗೆ ಹತ್ತಬೇಕು ಕಣೋ!"

"ಆಗ್ಲವ್ವ!"

ಊರೆಲ್ಲ ಅಲೆದು ಮತ್ತೆ ಕೊಬ್ಬರಿ ತಂದಳು. "ಇದೂ ಕೆಟ್ಟರೆ ಲಕ್ಕಿ ಅತ್ತೆಮನೇಲಿ ತಲೆ ಎತ್ತಂಗಿಲ್ಲ," ಅಂತ ಅತ್ತಳು. ಅವ್ವ ಅತ್ತದ್ದು ಕಂಡು ಮೂಡ್ಲಗಿರಿಗೂ ಸಂಕಟವಾಯ್ತು. ಹಿತ್ತಲ ಹೇರಳೆ ಮರ ಬೋಳಿಸಿದ. ಕುಟ್ಟಿದ, ಹಿಸುಕಿದ, ಒಂದೊಂದು ಕೊಬ್ಬರಿ ಗಿಟುಕಿಗೂ ಉಜ್ಜಿದ. ಅವ್ವ ಎದೆ ಬಡಿದುಕೊಂಡಳು. ಬೇರೆ ಕೊಬ್ಬರಿ ಊರಲ್ಲೇ ಇಲ್ಲ! ಮದುವೆಗೆ ಅದೇ ಬುಟ್ಟಿ ಹೊತ್ತು ನಡೆದರು.

ಅಲ್ಲಿ ಬೀಗರ ಕೊಬ್ಬರಿಗೂ ಬೂಷ್ಟು, ನೆಂಟರ ಕೊಬ್ಬರಿಗೂ ಬೂಷ್ಟು. ಪುಟ್ಟರಂಗಮ್ಮ ಕಣ್ಣು ಮುಚ್ಚಿಕೊಂಡೇ ಬುಟ್ಟಿ ತೆಗೆದಳು. ಒರೆಸಿದರೆ ಗಿಟುಕೆಲ್ಲ ಬೆಳ್ಳಗೆ, ಘಮಘಮ! ಬೀಗಿತ್ತಿ ಮೂಸಿ ನೋಡಿದಳು.

"ಹೇರಳೆ ಎಲೆ ಎಣ್ಣೆ! ಈ ಘಾಟಿಗೆ ಬೂಷ್ಟು ಹತ್ರ ಸುಳಿಯಲ್ಲ. ಯಾರಮ್ಮ ಆ ಜಾಣ?"

"ನನ್ನ ಮಗ!" ಅಂದಳು ಪುಟ್ಟರಂಗಮ್ಮ, ಊರಿಗೆಲ್ಲ ಕೇಳುವ ಹಾಗೆ. ಲಕ್ಕಮ್ಮನ ಮಡಿಲು ತುಂಬಿತು, ಅವ್ವನ ಕಣ್ಣೂ ತುಂಬಿತು.

ಬೀಗಿತ್ತಿ ಅವನ ಬೆನ್ನು ತಟ್ಟಿದಳು. "ನಿನ್ನ ಭಾವನನ್ನೂ ಈ ಕೊಬ್ಬರಿ ಹಂಗೇ ನೋಡ್ಕೊಳ್ಳಪ್ಪ!"

"ಆಗ್ಲವ್ವ!"

ಹೆಣ್ಣು ಕಳಿಸುವ ಹೊತ್ತಿಗೆ ಗಂಡೇ ಇಲ್ಲ! ಹುಡುಕಿದರು, ಕೂಗಿದರು. ಬೀಗರ ಹಿತ್ತಲ ಹೇರಳೆ ಮರವೂ ಬೋಳು, ಅದರ ಬುಡದಲ್ಲಿ ದೊಡ್ಡ ಬುಟ್ಟಿಯೊಳಗೆ ಮದುಮಗ ಸೀನುತ್ತ ಕೂತಿದ್ದ, ನೆತ್ತಿಯಿಂದ ಪಾದದವರೆಗೂ ಹಸಿರು. ಮೂಡ್ಲಗಿರಿ ಕೈ ಒರೆಸಿಕೊಂಡು ಅಂದ:

"ಹೆದರಬ್ಯಾಡ ಲಕ್ಕಿ, ಈ ಮಳೆಗಾಲಕ್ಕೆ ಭಾವ ಕೆಡಲ್ಲ!"