ಹೋಗಿ ಬಾ ಅಂದಿದ್ದಕ್ಕೆ ಬಂದ ಗಾಳಿ

ಮತ್ತೆ ಬಾಯಿ ಹಾಕಿದೆಯಾ ಚಿನ್ನಿ? ನಾನಿನ್ನೂ "ಒಂದು ರಾಜ್ಯದಲ್ಲಿ" ಅಂದಿಲ್ಲ, ಅಷ್ಟರಲ್ಲೇ "ಅಲ್ಲಿಗೆ ಬಸ್ಸು ಹೋಗುತ್ತಾ" ಅಂತ ಶುರು. ಮೊದಲು ನೀರು ಬೇಕು ಅಂದೆ, ಕೊಟ್ಟೆ. ಆಮೇಲೆ ತಮ್ಮ ಕಾಲು ತಾಗಿಸಿದ ಅಂದೆ, ಅವನನ್ನು ಈ ಕಡೆ ಎಳೆದುಕೊಂಡೆ. ಇನ್ನೊಂದು ಸಲ ತಡೆದರೆ ಕಥೆ ಅಲ್ಲಿಗೇ ಬಿಟ್ಟು ಪಾತ್ರೆ ತೊಳೆಯಲು ಎದ್ದು ಹೋಗುತ್ತೇನೆ. ಕೇಳಿ.

ಒಂದು ರಾಜ್ಯ ಇತ್ತು. ಬೋಳು ಗುಡ್ಡಗಳ ರಾಜ್ಯ. ಮರವಿಲ್ಲ, ಮರೆಯಿಲ್ಲ. ಚಳಿಗಾಲ ಬಂತೆಂದರೆ ಚಳಿಗಾಳಿ ಮನೆಮನೆಗೆ ನುಗ್ಗುತ್ತಿತ್ತು. ಒಲೆಯ ಬಿಸಿ ಕದಿಯುತ್ತಿತ್ತು. ಹಾಸಿಗೆಯ ಬಿಸಿ ಕದಿಯುತ್ತಿತ್ತು. ಮಲಗಿದವರ ಮೈಯ ಬಿಸಿಯನ್ನೂ ಬಿಡುತ್ತಿರಲಿಲ್ಲ. ಜನ ಹೋಗಿ ರಾಜನ ಮುಂದೆ ಅತ್ತರು. ರಾಜ ಗಾಳಿಯನ್ನು ಕರೆಸಿ ಆಣೆ ಮಾಡಿಸಿದ.

"ಕರೆದರೆ ಮಾತ್ರ ಮನೆಯೊಳಗೆ ಹೋಗಬೇಕು. ಮನೆಯವರು ಹಿಡಿದರೆ ಹೊರಡಬೇಕು. ಒಪ್ಪಿದೆಯಾ?"

"ಒಪ್ಪಿದೆ ಪ್ರಭು," ಎಂದಿತು ಗಾಳಿ. "ಬಾಗಿಲು ತೆರೆದಿಟ್ಟರೆ ಅದೂ ಕರೆದ ಹಾಗೇ ತಾನೆ?"

ರಾಜನಿಗೆ ಊಟದ ಹೊತ್ತು ಮೀರಿತ್ತು. "ಹೂಂ ಹೂಂ" ಅಂದುಬಿಟ್ಟ. ಹಸಿದ ರಾಜ ಕೊಟ್ಟ ಮಾತು ಹಾಗೇ ಇರುತ್ತೆ.

ಆ ರಾಜ್ಯದ ಅಂಚಿನಲ್ಲಿ ಮಾಳವ್ವ ಅನ್ನುವವಳು ಇದ್ದಳು. ಮಣ್ಣಿನ ಗೋಡೆಯ ಒಂಟಿ ಮನೆ. ಗಂಡ ಕಂಬಳಿ ಮಾರಲು ಗುಡ್ಡ ದಾಟಿ ಹೋದವನು ಇನ್ನೂ ಬಂದಿರಲಿಲ್ಲ. ಜೊತೆಗಿದ್ದದ್ದು ಒಂದು ಹಸುಗೂಸು. ಒಂದು ದಿನ ಅವಳು ನೀರಿಗೆ ಹೊರಟಳು. ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಕೂಸು. ಬಾಗಿಲು ಎಳೆದುಕೊಳ್ಳಲು ಮೂರನೇ ಕೈ ಎಲ್ಲಿಂದ ತರಬೇಕು? ಬಾಗಿಲು ತೆರೆದೇ ಉಳಿಯಿತು. ಗಾಳಿಗೆ ಅಷ್ಟು ಸಾಕಾಯಿತು.

ಕೂಸಿಗೆ ಕೆಮ್ಮು ಹಿಡಿಯಿತು. ಸೂಲಗಿತ್ತಿ ಅಜ್ಜಿ ಬಂದು ಪಾದ ಮುಟ್ಟಿ ನೋಡಿದಳು.

"ಮಾಳಿ, ಪಾದ ಕಲ್ಲಿನ ಹಾಗೆ ತಣ್ಣಗಿದೆ. ಮೊದಲು ಈ ಮನೆ ಬೆಚ್ಚಗೆ ಮಾಡು. ಇಲ್ಲದಿದ್ರೆ ಕೂಸು ಉಳಿಯಲ್ಲ ಕಣೇ."

ಮಾಳವ್ವ ಬಾಗಿಲು ಹಾಕಿದಳು. ಕಿಟಕಿ ಹಾಕಿದಳು. ಒಲೆಗೆ ಸೌದೆ ಒಟ್ಟಿದಳು. ಮನೆ ಬೆಚ್ಚಗಾಗಲೇ ಇಲ್ಲ. ಕಳ್ಳ ಒಳಗೇ ಇದ್ದಾನೆ, ಆದರೆ ಎಲ್ಲಿ? ಕಣ್ಣಿಗೆ ಕಾಣುವವನಲ್ಲ, ಕೈಗೆ ಸಿಗುವವನಲ್ಲ.

ಸ್ನಾನವಾದ ಮೇಲೆ ನಿನ್ನ ತಮ್ಮನಿಗೆ ಸಾಂಬ್ರಾಣಿ ಹೊಗೆ ಹಾಕುತ್ತೇನಲ್ಲ, ಹಾಗೆ ಅವಳೂ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದಳು. ಹೊಗೆ ನೆಟ್ಟಗೆ ಮೇಲೇಳಬೇಕಿತ್ತು. ಏಳಲಿಲ್ಲ. ಬಾಗಿಲ ಕಡೆಯಿಂದ ಯಾರೋ ಊದಿದ ಹಾಗೆ ಬಾಗಿತು. ಮಾಳವ್ವ ಧೂಪದ ಬಟ್ಟಲು ಹಿಡಿದು ಮೆಲ್ಲಗೆ ಅತ್ತ ಹೋದಳು. ಹೊಸ್ತಿಲ ಹತ್ತಿರ ಹೊಗೆ ಚದುರಿಹೋಯಿತು. ಬಗ್ಗಿ ನೋಡಿದರೆ ಬಾಗಿಲಿಗೂ ಹೊಸ್ತಿಲಿಗೂ ನಡುವೆ ಬೆರಳು ತೂರುವಷ್ಟು ಸಂದು.

"ಸಿಕ್ಕಿಬಿದ್ದೆಯಾ!"

"ಸಿಕ್ಕಿಬಿದ್ದೆ ತಾಯಿ," ಎಂದಿತು ಗಾಳಿ, ಬಲು ವಿನಯದಿಂದ. "ಬರ್ತೀನಿ."

"ಹೋಗಿ ಬಾ," ಎಂದಳು ಮಾಳವ್ವ. ಹಳೇ ಗೋಣಿಚೀಲ ಸುರುಳಿ ಸುತ್ತಿ ಸಂದಿಗೆ ತುರುಕಿದಳು.

ಮಾರನೆಯ ದಿನ ಕೂಸಿನ ದನಿ ಒಡೆದಿತ್ತು. ಪಾದ ಇನ್ನೂ ತಣ್ಣಗೆ. ಮತ್ತೆ ಸಾಂಬ್ರಾಣಿ. ಈ ಸಲ ಹೊಗೆ ಕಿಟಕಿಯ ಕಡೆಯಿಂದ ಬಾಗಿತು. ಚೌಕಟ್ಟು ಗೋಡೆಯಿಂದ ಬಿಟ್ಟುಕೊಂಡು ಉದ್ದಕ್ಕೂ ಬಿರುಕು.

"ಸಿಕ್ಕಿಬಿದ್ದೆಯಾ!"

"ಸಿಕ್ಕಿಬಿದ್ದೆ ತಾಯಿ. ಬರ್ತೀನಿ."

"ಹೋಗಿ ಬಾ." ಕೆಮ್ಮಣ್ಣು, ಸಗಣಿ, ರಾಗಿ ಹೊಟ್ಟು ಕಲಸಿ ಬಿರುಕಿಗೆ ಮೆತ್ತಿದಳು.

ಏನು? ಒಲೆ ಮೇಲಿನ ಹೊಗೆಕಿಂಡಿಯನ್ನೂ ಮುಚ್ಚಿದಳಾ ಅಂತಲಾ? ಇಲ್ಲ. ಅದನ್ನು ಮುಚ್ಚಿದರೆ ಒಲೆಯ ಹೊಗೆಗೆ ತಾಯಿ ಮಗು ಇಬ್ಬರೂ ಉಸಿರುಕಟ್ಟಿ ಸಾಯುತ್ತಾರೆ. ಒಲೆ ಉರಿಯುವಷ್ಟು ಹೊತ್ತು ಅಲ್ಲಿಂದ ಬಿಸಿ ಮೇಲಕ್ಕೆ ಹೋಗುತ್ತಲೇ ಇರುತ್ತೆ, ಚಳಿಗಾಳಿಗೆ ಇಳಿಯಲು ದಾರಿ ಬಿಡಲ್ಲ. ಒಳ್ಳೇ ಪ್ರಶ್ನೆಯೇ. ಆದರೂ ಬಾಯಿ ಮುಚ್ಚು.

ಮೂರನೆಯ ದಿನ ಕೂಸು ಕೆಮ್ಮುವುದನ್ನೂ ನಿಲ್ಲಿಸಿತು. ಅಳಲಿಲ್ಲ, ಹಾಲು ಕುಡಿಯಲಿಲ್ಲ, ಸುಮ್ಮನೆ ಮಲಗಿತ್ತು. ಅತ್ತರೆ ರೇಗುತ್ತೇವೆ, ಆದರೆ ಮಕ್ಕಳು ಹಾಗೆ ಸುಮ್ಮನಾದರೆ ಒಮ್ಮೆ ಅಳಲಿ ಅಂತ ನಾವೇ ಚಿವುಟಿ ನೋಡುತ್ತೇವೆ. ಮಾಳವ್ವ ಒಲೆಯಿಂದ ಕೆಂಡ ಎಳೆದಳು. ಬಾಚಿ ಬಟ್ಟಲಿಗೆ ಹಾಕಿ ಸಾಂಬ್ರಾಣಿ ಉದುರಿಸಿದಳು. ಹೊಗೆ ಬಾಗಿಲ ಹತ್ತಿರ ನೆಟ್ಟಗಿತ್ತು. ಕಿಟಕಿಯ ಹತ್ತಿರ ನೆಟ್ಟಗಿತ್ತು. ಗಂಡನ ಹಳೇ ಕಂಬಳಿ ತೂಗುತ್ತಿದ್ದ ಗೋಡೆಯ ಹತ್ತಿರ ಬಾಗಿತು.

ಅವನು ಹೊರಟ ಮೇಲೆ ಅವಳು ಆ ಕಂಬಳಿ ಮುಟ್ಟಿರಲಿಲ್ಲ. ಈಗ ಎತ್ತಿದಳು. ಗೂಟ ಸಡಿಲವಾಗಿ ಅದರ ಸುತ್ತ ತೂತು ಬಿದ್ದಿತ್ತು.

"ಸಿಕ್ಕಿಬಿದ್ದೆಯಾ! ಯಾಕೋ ಮತ್ತೆ ಬಂದೆ? ರಾಜನ ಆಣೆ ಮರೆತೆಯಾ? ನಿನ್ನ ಯಾರು ಕರೆದರು?"

ಗಾಳಿ ನಕ್ಕಿತು. "ನೀನೇ ಕರೆದೆಯಲ್ಲ ತಾಯಿ! ಹೋಗಿ ಬಾ ಅಂದೆ. ಹೋದೆ, ಬಂದೆ. ಇನ್ನೊಂದು ಸಲ ಅಂದೆ. ಹೋದೆ, ಬಂದೆ. ಎಂಥ ಮರ್ಯಾದಸ್ಥರ ಮನೆ! ಗೋಡೆಯ ತೂತು ನೀನು ಮುಚ್ಚಬಹುದು. ನಿನ್ನ ಬಾಯಿಯ ತೂತು ಮುಚ್ಚೋರು ಯಾರು?"

ಆಗ ಮಾಳವ್ವನಿಗೆ ಹೊಳೆಯಿತು. ಹೊರಟವರಿಗೆ ಬರೀ ಹೋಗು ಅನ್ನಬಾರದು, ಅದು ಅಪಶಕುನ ಅಂತ ಚಿಕ್ಕಂದಿನಿಂದ ಕಲಿತ ನಾಲಿಗೆ. ಕಳ್ಳನಿಗೂ ಅದನ್ನೇ ಅಂದಿತ್ತು.

"ಸರಿ ತಾಯಿ, ಬರ್ತೀನಿ," ಎಂದು ಗಾಳಿ ಉತ್ತರಕ್ಕೆ ಕಾದು ನಿಂತಿತು.

ಮಾಳವ್ವ ಈ ಸಲ ಹೋಗಿ ಬಾ ಅನ್ನಲಿಲ್ಲ. ಗೂಟ ಕಿತ್ತಳು. ಮಣ್ಣಿನ ಉಂಡೆ ತೂತಿನ ಬಾಯಿಗೆ ಹಿಡಿದಳು.

"ಒಳಗೇ ಇರೋನು ಬರ್ತೀನಿ ಅಂದ್ರೆ ಏನರ್ಥ? ಇರು, ಇಲ್ಲೇ ಇದ್ದುಬಿಡು. ತೂತು ಮುಚ್ತೀನಿ, ಉರಿ ಜೋರು ಮಾಡ್ತೀನಿ. ಸ್ವಲ್ಪ ಹೊತ್ತಿಗೆ ನಿನ್ನ ಚಳಿಯೆಲ್ಲ ಕರಗಿ, ಕೂಸಿನ ಉಸಿರಿನಷ್ಟು ಮೆತ್ತಗಾಗ್ತೀಯ."

"ಬೇಡ ಬೇಡ! ಬರ್ತೀನಿ!"

"ಬರ್ತೀಯೋ, ಹೋಗ್ತೀಯೋ?" ತೂತು ಅರ್ಧ ಮುಚ್ಚಿತು.

"ಬರ್..."

ಮುಕ್ಕಾಲು ಮುಚ್ಚಿತು.

"ಹೋಗ್ತೀನಿ! ಹೋಗ್ತೀನಿ ಮಾರಾಯ್ತಿ!"

"ಹೋಗು."

ಅಷ್ಟೇ. ಮುಂದೆ ಒಂದಕ್ಷರ ಇಲ್ಲ. ಗಾಳಿ ಸುಯ್ಯೆಂದು ಹೊರಗೆ ಹಾರಿತು. ಅದರ ಬಾಲಕ್ಕೇ ತಾಗುವಂತೆ ಮಾಳವ್ವ ಮಣ್ಣು ಒತ್ತಿದಳು. ಕರೆಯೂ ಇಲ್ಲ, ಸಂದೂ ಇಲ್ಲ. ಗಾಳಿ ಹೊರಗೆ ಗೋಡೆ ಸುತ್ತಿತು, ಸೂರು ತಡವಿತು, ಬೈದುಕೊಳ್ಳುತ್ತ ಗುಡ್ಡ ಹತ್ತಿತು.

ಒಳಗೆ ಹೊಗೆ ನೆಟ್ಟಗೆ ನಿಂತಿತು. ಮಾಳವ್ವ ಕೂಸಿನ ಪಾದ ಹಿಡಿದು ಕೂತಳು. ತಣ್ಣಗೆ. ಇನ್ನೂ ತಣ್ಣಗೆ. ಆಮೇಲೆ ಬೆರಳ ತುದಿಯಲ್ಲಿ ಒಂಚೂರು ಬಿಸಿ. ಕೂಸು ಮುಖ ಕಿವುಚಿ, ಮನೆ ಹಾರಿಹೋಗುವ ಹಾಗೆ ಕಿರುಚಿ ಅತ್ತಿತು. ಆ ಅಳುವಿನಷ್ಟು ಚೆಂದದ ಸದ್ದು ಅವಳು ಕೇಳಿರಲಿಲ್ಲ. ಅದಕ್ಕೆ ಹೊಟ್ಟೆ ತುಂಬ ಹಾಲು ಕೊಟ್ಟಳು. ಗಂಡನ ಗೂಟವನ್ನು ಒಳಗೋಡೆಗೆ ಬಡಿದು, ಅವನ ಕಂಬಳಿಯನ್ನು ಮತ್ತೆ ತೂಗುಹಾಕಿದಳು.

ನೀತಿ ಏನು ಗೊತ್ತಾಯಿತಾ? ಕೆಡುಕು ಯಾವ ಸಂದಿಯಿಂದ ಬರುತ್ತೆ ಅಂತ ಹುಡುಕಿ ಮುಚ್ಚಬೇಕು. ಅದನ್ನು ಆಚೆ ಕಳಿಸುವಾಗ ಮರ್ಯಾದೆಗೆ ಕೂಡ ಬಾ ಅನ್ನಬಾರದು. ಕಥೆ ಮುಗಿಯಿತು.

"ಅಮ್ಮಾ..."

ಮತ್ತೆ! ಏನೇ ಅದು?

"ಆ ಪಾಪುವಿನ ಅಪ್ಪ ಹೊರಟಾಗ ಮಾಳವ್ವ ಏನಂದಿದ್ದಳು? ಹೋಗಿ ಬನ್ನಿ ಅಂದಿದ್ದಳಾ, ಬರೀ ಹೋಗಿ ಅಂದುಬಿಟ್ಟಿದ್ದಳಾ?"