ಇನಾಮದಾರರ ಮೊದಲ ಗೇರು

ಬೆಳಗಾವಿಯ ಗುಮಾಸ್ತನೊಬ್ಬ ಮಿಲಿಟರಿ ಹರಾಜಿನಿಂದ ತುಕ್ಕು ಹಿಡಿದ ಹಳೇ ಜೀಪು ತಂದ. ಅವನು, ಹೆಂಡತಿ ಗಂಗವ್ವ, ಮಗಳು ಸೇರಿ ಆರು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಅದನ್ನು ಓಡುವಂತೆ ಮಾಡಿದರು.

ಹಳೇ ವಾಹನಗಳ ಪ್ರದರ್ಶನದ ಹಿಂದಿನ ದಿನ ಅವನು ಕೆಲಸ ಮಾಡುವ ಸೊಸೈಟಿಯ ಅಧ್ಯಕ್ಷ ಇನಾಮದಾರರು ಅವನನ್ನು ಕರೆಸಿದರು.

"ಜೀಪು ನಾನೇ ಓಡಸ್ತೀನಿ. ರಿಪೇರಿ ಮಾಡಿದಾಂವನೂ ನಾನೇ ಅಂತ ಬೋರ್ಡ್ ಬರಸು. ನೌಕರಿ ಬೇಕಲ್ಲ ನಿನಗ?"

"ಆಗ್ಲಿರಿ. ಗೇರ್‌ಬಾಕ್ಸ್ ಜೋಡಿಸಿದಾಕಿ ನನ್ನ ಹೇಂತಿರಿ, ಗೇರಿಂದು ಒಂದು ಮಾತು ಹೇಳ್ಯಾಳ..."

"ಮೂವತ್ತು ವರ್ಷ ಗಾಡಿ ಓಡ್ಸೀನಿ. ನನಗ ಕಲಸ್ತೀಯೇನು?"

ಗುಮಾಸ್ತ ಕೈಮುಗಿದ. ಬೋರ್ಡ್ ಬರೆಸಿದ. ಮರುದಿನ ಜೀಪಿನ ಮೂತಿ ವೇದಿಕೆಯತ್ತ, ಬೆನ್ನು ಖಾಲಿ ಮೈದಾನದತ್ತ ಇರುವಂತೆ ನೋಡಿ ನಿಲ್ಲಿಸಿದ.

ಇನಾಮದಾರರು ಪೇಟ ಸುತ್ತಿಕೊಂಡು ಹತ್ತಿದರು. ಗೇರನ್ನು ಎಡಕ್ಕೆಳೆದು ಮುಂದಕ್ಕೆ ತಳ್ಳಿದರು. ಇಂದಿನ ಕಾರಿನಲ್ಲಿ ಅದು ಮೊದಲ ಗೇರು. ಆ ಜೀಪಿನಲ್ಲಿ ರಿವರ್ಸ್. ಸಲಾಮು ಹೊಡೆಯುತ್ತಲೇ ಹಿಂದಕ್ಕೆ ಹೋದರು. ನಿಲ್ಲಿಸಿ ಮತ್ತೆ ಹಾಕಿದರು. ಮತ್ತೂ ಹಿಂದಕ್ಕೆ ಹೋದರು.

ತೀರ್ಪುಗಾರರು ಮೈಕಿನಲ್ಲೇ ಕೇಳಿದರು: "ಗೇರ್‌ಬಾಕ್ಸ್ ಜೋಡಿಸಿದೋರು ತಾವೇ ಅಲ್ರೀ?"

"ಏ, ಇದ್ಯಾಕ ಹಿಂದ ಹೊಂಟೈತೋ?" ಇನಾಮದಾರರು ಗುಮಾಸ್ತನನ್ನು ಕೂಗಿದರು.

"ಜೋಡಿಸಿದೋರು ಯಾರಂತ ಹೇಳ್ರಿ ಸಾಹೇಬ್ರ. ಅವರನ್ನೇ ಕೇಳ್ಕೊಂಡು ಬರ್ತೀನಿ."

ಮೈದಾನವೆಲ್ಲ ನಕ್ಕಿತು. ಇನಾಮದಾರರು ಬೆವರೊರೆಸಿಕೊಂಡರು. "ನಿನ್ನ ಹೇಂತೀನ್ನ ಕರಿಯೋ ಮಾರಾಯಾ!"

ಗಂಗವ್ವ ಸೆರಗು ಸಿಕ್ಕಿಸಿ ಕೂತಳು. ಜೀಪು ನೆಟ್ಟಗೆ ವೇದಿಕೆಗೆ ಬಂತು. ಮಗಳು ಬೋರ್ಡನ್ನು ತಿರುಗಿಸಿದಳು. ಅದರ ಹಿಂಬದಿಗೆ ಮೂವರ ಹೆಸರನ್ನು ಹಿಂದಿನ ದಿನವೇ ಬರೆದಾಗಿತ್ತು.

ನೌಕರಿ? ತೆಗೆದುಹಾಕಿದರೆ ಕಾರಣ ಬರೆಯಬೇಕು. ಇನಾಮದಾರರು ಇನ್ನೂ ಬರೆದಿಲ್ಲ.