ನೀರಿಲ್ಲದ ಪಾರಿಬಾವಿ

ಮುಳ್ಳದಿನ್ನಿಯ ಪಡುವಣ ಹೊಲಗಳ ಅಂಚಿನಲ್ಲಿ ಎರಡು ಬಾವಿಗಳಿವೆ. ಒಂದು ಎಂಥ ಬಿರುಬೇಸಗೆಯಲ್ಲೂ ಬತ್ತದು. ಅದನ್ನು ಊರವರು ಬಾವಿ ಎಂದಷ್ಟೇ ಕರೆಯುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವುದು ಅರ್ಧ ಮುಚ್ಚಿಹೋದ ಕಲ್ಲುಗುಂಡಿ. ಅದರಲ್ಲಿ ಎಂದೂ ಸೆಲೆ ಒಡೆದದ್ದಿಲ್ಲ. ಆದರೂ ಪಾರಿಬಾವಿ ಎಂಬ ಹೆಸರು ಸಂದಿರುವುದು ಅದಕ್ಕೇ. ನೀರಿದ್ದದ್ದಕ್ಕೆ ಹೆಸರಿಲ್ಲ, ಹೆಸರಿದ್ದದ್ದಕ್ಕೆ ನೀರಿಲ್ಲ, ಇದೆಂಥ ಊರಪ್ಪಾ ಎಂದು ಹೊಸಬರು ನಗುವುದುಂಟು. ನಗಲಿ, ಕಥೆ ಕೇಳಿದ ಮೇಲೆ ಯಾರೂ ನಗುವುದಿಲ್ಲ.

ಹಿಂದೆ ಒಮ್ಮೆ ಇಲ್ಲಿ ದ್ಯಾಮಣ್ಣನೆಂಬ ನೀರು ನೋಡುವವನಿದ್ದನಂತೆ. ಹೊಂಗೆಯ ಕವಲುಕಡ್ಡಿ ಹಿಡಿದು ಬರಿಗಾಲಲ್ಲಿ ನಡೆದರೆ, ನೀರಿದ್ದಲ್ಲಿ ಕಡ್ಡಿ ತಾನಾಗಿ ನೆಲಕ್ಕೆ ಬಾಗುತ್ತಿತ್ತು. ಅಲ್ಲಿ ಅವನು ಅರಿಸಿನ ಬಳಿದ ಕಲ್ಲಿಡುವನು. ಕಲ್ಲಿಟ್ಟ ಮೇಲೆ ಬೇರೆ ಕಡೆ ಗುದ್ದಲಿ ಹಾಕುವ ಪದ್ಧತಿಯಿರಲಿಲ್ಲ. ಒಂದು ಬೇಸಗೆಯಲ್ಲಿ ಊರಬಾವಿ ತಳ ಕಂಡಿತು. ಜ್ವರದಿಂದ ಮಲಗಿದ್ದ ಅವನ ಮಗಳು ಪಾರಿ ನೀರು ನೀರು ಎನ್ನುತ್ತಲೇ ಕಣ್ಣು ಮುಚ್ಚಿದಳು. ಊರಿಗೆಲ್ಲ ನೀರು ತೋರಿಸಿದವನ ಮನೆಯ ಕೊಡದಲ್ಲಿ ಅಂದು ಕೆಸರಷ್ಟೇ ಇತ್ತು. ಕೂಸನ್ನು ಹೊಲದಂಚಿನಲ್ಲಿ ಮಣ್ಣು ಮಾಡಿದರು. ಸೂತಕ ಕಳೆಯುವ ಮೊದಲೇ ಹಿರಿಯರು ಬಂದು ಕೈಮುಗಿದರು, ದ್ಯಾಮಣ್ಣ ಕಡ್ಡಿ ಹಿಡಿದು ಹೊರಟ. ಊರ ಸುತ್ತೆಲ್ಲ ಸುಮ್ಮನಿದ್ದ ಕಡ್ಡಿ ಪಾರಿಯ ಗೋರಿಯ ಮೇಲೆ ಬಾಗಿತು. ಕರುಳು ಕೇಳಬೇಕಲ್ಲ! ಬಾಗಿದ ಕಡ್ಡಿಯನ್ನು ಬಲವಂತದಿಂದ ಎತ್ತಿ ಹಿಡಿದು, ಮುಂದೆ ಹೋಗಿ ಬರಡು ನೆಲದಲ್ಲಿ ಕಲ್ಲಿಟ್ಟ.

ಊರವರು ಅಗೆದೇ ಅಗೆದರು. ಬಂಡೆ ಸಿಕ್ಕಿತು, ಅದನ್ನೂ ಒಡೆದರು. ಕಲ್ಲಿಟ್ಟವನು ದ್ಯಾಮಣ್ಣ, ನೀರು ಬಾರದಿದ್ದೀತೇ ಎಂಬುದೇ ಅವರ ಧೈರ್ಯ. ಅಷ್ಟರಲ್ಲಿ ನೆರೆಮನೆಯ ಕೂಸೂ ಹಾಸಿಗೆ ಹಿಡಿಯಿತು. ಆಗ ದ್ಯಾಮಣ್ಣನ ಹೆಂಡತಿ ಹುಲಿಗೆವ್ವ ಅವನ ಮುಂದೆ ಬಂದು ಕೂತಳು. "ಕಡ್ಡಿ ಎಲ್ಲಿ ಬಾಗ್ತು ಅಂತ ನಾನೂ ನೋಡೀನಿ. ನೀರು ನೀರು ಅಂತ ಹೋದಾಕಿ ನನ್ನ ಮಗಳು. ಆಕಿ ಸಲುವಾಗಿ ಇನ್ನೊಂದು ಕೂಸು ಹಂಗ ಹೋಗೋದು ಬ್ಯಾಡ್ರಿ" ಎಂದಳು. ದ್ಯಾಮಣ್ಣ ಗುದ್ದಲಿಯನ್ನು ಯಾರ ಕೈಗೂ ಕೊಡಲಿಲ್ಲ. ತಾನೇ ಗೋರಿ ಅಗೆದು, ಮಗಳನ್ನು ಹುಲಿಗೆವ್ವನ ಸೀರೆಯಲ್ಲಿ ಸುತ್ತಿ ತಂದು, ತಾನು ಸುಳ್ಳು ಹೇಳಿ ತೋಡಿಸಿದ ಗುಂಡಿಯಲ್ಲಿ ಇಳಿಸಿ ಮಣ್ಣೆಳೆದ. ಗೋರಿಯಿದ್ದ ಜಾಗದಲ್ಲಿ ಆಳುದ್ದ ಇಳಿಯುವಷ್ಟರಲ್ಲಿ ನೀರು ಉಕ್ಕಿತು. ನೆರೆಮನೆಯ ಕೂಸು ಬದುಕಿತು. ಆಮೇಲೆ ಅವನ ಕೈಯಲ್ಲಿ ಕಡ್ಡಿ ಎಂದೂ ಬಾಗಲಿಲ್ಲ ಎನ್ನುತ್ತಾರೆ.

ಇಂದಿಗೂ ಹೋಗಿ ನೋಡಿದವರಿಗೆ ಆ ಗುಂಡಿಯ ಮಣ್ಣು ಒದ್ದೆಯಾಗಿಯೇ ಕಾಣುತ್ತದೆ. ಊರ ಹೆಂಗಸರು ಬೆಳಿಗ್ಗೆ ಸೇದಿದ ಮೊದಲ ಕೊಡವನ್ನು ಮನೆಗೆ ಒಯ್ಯುವುದಿಲ್ಲ, ಅಲ್ಲಿಗೆ ತಂದು ಸುರಿಯುತ್ತಾರೆ. ಸುರಿಯುವಾಗ ಮೆಲ್ಲಗೆ ಹೇಳುತ್ತಾರೆ: "ಕುಡಿಯವ್ವಾ, ಪಾರಿ."